ಎಳೆ ಬಂತು, ಬಿಡು

ಸಕ್ಕರೆ ಹುಟ್ಟುವ ಮೊದಲು ಎಷ್ಟು ಉಗ್ರವಾಗಿರುತ್ತದೆ ಎಂಬುದು ಅದನ್ನು ಕುದಿಸುವವರಿಗೇ ಗೊತ್ತು. ದೇವರು ಸಿಹಿಯನ್ನು ಬೆಂಕಿಯ ಮಡಿಲಲ್ಲಿಟ್ಟು ಕೊಟ್ಟಿದ್ದಾನೆ. ಅವಸರಪಟ್ಟವರ ಚರ್ಮ ಉಳಿಯುವುದಿಲ್ಲ.

ಆ ಕಾರ್ಖಾನೆಯ ಮೇಲಂತಸ್ತಿನಲ್ಲಿ ಅವಳು ಪಾಕ ನೋಡುವವಳು. ದೈತ್ಯ ಕಡಾಯಿಯಿಂದ ಚಿಟಿಕೆ ಪಾಕ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ, ಮೆಲ್ಲಗೆ ಬಿಡಿಸುತ್ತಾಳೆ. ಎಳೆ ಮುರಿಯದೆ ನಿಂತರೆ ಹದ ಬಂದಂತೆ. ಯಂತ್ರಗಳ ಅಬ್ಬರದಲ್ಲಿ ಕೂಗಿದರೆ ಕೂಗಿದವರಿಗೇ ಕೇಳದು. ಅದಕ್ಕೇ ರೇಲಿಂಗ್ ಬಳಿ ನಿಂತು ಅದೇ ಬೆರಳುಗಳನ್ನು ಎತ್ತಿ, ಬಿಡಿಸಿ ತೋರಿಸುತ್ತಾಳೆ. ಕೆಳಗೆ, ಪಾಕ ತೊಟ್ಟಿಗೆ ಇಳಿಯುವ ಕಡಾಯಿಯ ತಳದ ಬಾಯಿ ಕಾಯುವ ಅವಳ ಅಣ್ಣನಿಗೆ ಅದರ ಅರ್ಥ ಒಂದೇ: ಎಳೆ ಬಂತು, ಬಿಡು.

ಲ್ಯಾಬಿಗೆ ಹೊಸದಾಗಿ ಬಂದ ಕೆಮಿಸ್ಟ್‌ಗೆ ಬೇರೆಯೇ ಅರ್ಥವಾಯಿತು. ಗಾಜಿನ ಕಿಟಕಿಯಾಚೆಯಿಂದ ಅವಳು ತನ್ನನ್ನೇ ಕರೆದಳೆಂದುಕೊಂಡು, ಕಿವಿ ಕೆಂಪಗಾಗಿ, ಅವನೂ ಬೆರಳು ಬಿಡಿಸಿ ತೋರಿಸಿದ.

"ಸಾರ್, ಅದು ಪಾಕದ ಸನ್ನೆ." ಸ್ಯಾಂಪಲ್ ಕೊಡಲು ಹೋದಾಗ ಅವಳು ತುಟಿ ಕಚ್ಚಿ ನಗು ತಡೆದಳು.

"ಹೌದಾ? ಇಲ್ಲೊಬ್ಬನ ಹದ ಮೀರ್ತಾ ಇದೆ, ಅದನ್ನೂ ಸ್ವಲ್ಪ ನೋಡ್ರೀ."

"ಅಬ್ಬಾ, ಮಾತು ನೋಡು! ನಮ್ಮಣ್ಣಂಗೆ ಗೊತ್ತಾದ್ರೆ ನಿಮ್ಮನ್ನೇ ಕಡಾಯಿಗೆ ಹಾಕ್ತಾನೆ."

"ಹಾಕ್ಲಿ ಬಿಡಿ. ತೆಗೆದು ನೋಡೋರು ನೀವೇ ತಾನೆ?"

ಅವನು ದಿನವೂ ಕಿಟಕಿಯಿಂದ ಬೆರಳು ಬಿಡಿಸಿ ತೋರಿಸತೊಡಗಿದ. ಆ ಆಟ ನಿಲ್ಲಿಸಿ ಎಂದು ಅವಳು ಅನ್ನಬೇಕಿತ್ತು. ಅನ್ನಲಿಲ್ಲ. ಕಿಟಕಿಯಲ್ಲಿ ಆ ಎರಡು ಬೆರಳು ಏಳುವುದನ್ನೇ ಕಾಯತೊಡಗಿದಳು.

ಒಂದು ಮಧ್ಯಾಹ್ನ ಅವನು ರೇಲಿಂಗ್‌ವರೆಗೇ ಬಂದ. ಅವಳು ಕಡಾಯಿಗೆ ಬಾಗಿದ್ದಳು. ತಿರುಗಿ ನೋಡಲಿ ಎಂದು ಬೆರಳೆತ್ತಿ ಬಿಡಿಸಿದ. ಕೆಳಗೆ ಅಣ್ಣ ತಲೆಯೆತ್ತಿದ್ದ; ಹಬೆಯಲ್ಲಿ ಅವನಿಗೆ ಕಂಡದ್ದು ಬೆರಳು ಮಾತ್ರ. ಕಡಾಯಿಯ ಬಾಯಿ ತೆರೆದ.

ಹದ ಬಾರದ ಪಾಕ ಜಾರುವುದಿಲ್ಲ, ಹಾರುತ್ತದೆ. ಕುದಿರಸ ತೊಟ್ಟಿ ಮೀರಿ ಚಿಮ್ಮಿ ಅಣ್ಣನ ಎಡತೋಳನ್ನು ಅಪ್ಪಿತು. ನೀರಾದರೆ ಸುಟ್ಟು ಹರಿದುಹೋಗುತ್ತದೆ. ಸಕ್ಕರೆ ಅಂಟಿಕೊಂಡೇ ಸುಡುತ್ತದೆ. ಅವನು ತೋಳನ್ನು ಒರೆಸಿಕೊಂಡರೆ ಪಾಕದ ಜೊತೆ ಚರ್ಮವೂ ಬಂತು. ಅವನ ಚೀತ್ಕಾರ ಯಂತ್ರಗಳ ಸದ್ದನ್ನೂ ಸೀಳಿತು.

ಅವಳು ಓಡಿ ಬಂದು ನೀರಿನ ಪೈಪು ಹಿಡಿದಳು. ಹಿಂದೆಯೇ ಕೆಮಿಸ್ಟ್.

"ನಾನು ಸನ್ನೆ ಮಾಡಿರ್ಲಿಲ್ಲ ಅಣ್ಣ!" ಎಂದಳು.

"ಮತ್ತೆ ಯಾವನೋ ಸನ್ನೆ ಮಾಡಿದ್ದು?" ಅಣ್ಣ ಅರಚಿದ.

ಸನ್ನೆ ಮಾಡಿದವನನ್ನು ಯಾರೂ ನೋಡಿರಲಿಲ್ಲ. ಸುಮ್ಮನಿರಬಹುದಿತ್ತು.

"ನಾನು," ಎಂದ ಕೆಮಿಸ್ಟ್.

ಅಣ್ಣನ ಬಲಗೈಗೆ ಕಬ್ಬಿಣದ ಸಲಾಕೆ ಸಿಕ್ಕಿತು. ಮೊದಲ ಏಟಿಗೆ ಕೆಮಿಸ್ಟ್‌ನ ಭುಜದ ಮೂಳೆ ಲಟಕ್ಕೆಂದಿತು. ಇನ್ನೊಂದಕ್ಕೆ ತುಟಿ ಸೀಳಿ, ನೆಲದ ಪಾಕದೊಳಗೆ ರಕ್ತ ಬೆರೆಯಿತು.

"ಕೈ ಎತ್ತೋ! ಗಂಡಸಾದ್ರೆ ಎತ್ತು!"

"ಎತ್ತಿದ್ದಕ್ಕೇ ಇಷ್ಟಾಗಿದ್ದು," ಎಂದ ಅವನು, ಬಾಯ್ತುಂಬ ರಕ್ತ.

ಸಲಾಕೆ ಈ ಸಲ ತಲೆಗೇ ಎದ್ದಿತು. ಅವಳು ಅದರಡಿಗೆ ನುಗ್ಗಿದಳು.

"ಹೊಡಿಯೋದಾದ್ರೆ ನಂಗೆ ಹೊಡಿ ಅಣ್ಣ! ಆ ಬೆರಳಿಗೆ ದಿನಾ ಕಾಯ್ತಿದ್ದವಳು ನಾನು. ಬೇಡ ಅನ್ನೋಕೆ ಬಾಯಿತ್ತು, ಮನಸ್ಸಿರ್ಲಿಲ್ಲ."

ಸಲಾಕೆ ಗಾಳಿಯಲ್ಲೇ ನಿಂತು, ಠಣ್ಣೆಂದು ಬಿತ್ತು. ಅಣ್ಣ ಅವಳ ಹೆಗಲಿಗೆ ಕುಸಿದ.

ದೇವರಿಗೂ ತಮಾಷೆ ಗೊತ್ತು: ಆಸ್ಪತ್ರೆಯಲ್ಲಿ ಇಬ್ಬರಿಗೂ ಪಕ್ಕಪಕ್ಕದ ಮಂಚ. ತೋಳಿನ ಗಾಯ ಒಣಗುವವರೆಗೂ ಅಣ್ಣ ಗೋಡೆ ಕಡೆ ಮುಖ ಮಾಡಿಯೇ ಮಲಗಿದ. ನೋವು ಏರಿದಾಗ ತಂಗಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುವನು.

ಒಂದು ಬೆಳಗ್ಗೆ, ಅವಳ ಮಣಿಕಟ್ಟು ಹಿಡಿದೇ, ಈಚೆ ತಿರುಗಿದ.

"ಏಯ್ ಲ್ಯಾಬು, ಭುಜ ನೋಯ್ತದಾ?"

"ನಿಮ್ಮ ತೋಳಿನಷ್ಟಿಲ್ಲ, ಅಣ್ಣ."

"ಯಾವನೋ ನಿಂಗೆ ಅಣ್ಣ!" ಗದರಿದ. ಆಮೇಲೆ, ತಲೆ ತಗ್ಗಿಸಿ ಕುಳಿತ ತಂಗಿಯನ್ನು ಬಹಳ ಹೊತ್ತು ನೋಡಿದ. "ಪುಟ್ಟಿ, ಏನಂತದೆ ನಿಮ್ಮಿಬ್ರ ಪಾಕ? ಇನ್ನೂ ಕಾಯಿಸ್ಬೇಕಾ?"

ಅವಳ ಕಣ್ಣು ತುಂಬಿತು. ಬಿಡುವಾಗಿದ್ದ ಕೈಯೆತ್ತಿ, ಬೆರಳೆರಡನ್ನು ಜೋಡಿಸಿ, ಅವಸರವಿಲ್ಲದೆ ಬಿಡಿಸಿದಳು.

"ಈ ಸಲ ಸರಿಯಾಗಿ ನೋಡಿದ್ದೀನಿ," ಎಂದ ಅಣ್ಣ. ಹಿಡಿದಿದ್ದ ಮಣಿಕಟ್ಟನ್ನು ಮೆಲ್ಲಗೆ ಸಡಿಲಿಸಿದ.

"ಬಿಟ್ಟೆ."