ರೊಟ್ಟಿ ಕೇಂದ್ರದಲ್ಲಿ ಇಲ್ಲದ ಹುಡುಗಿ

ರುಕ್ಮಿಣಿಬಾಯಿಗೆ ಅನುಮಾನಪಡುವ ಅಭ್ಯಾಸ ಇರಲಿಲ್ಲ. ಕೆಲಸ ಕೊಟ್ಟವರಿಗೆ ಕೈಮುಗಿಯುವ ಅಭ್ಯಾಸವಿತ್ತು.

ಎಳ್ಳಮಾವಾಸ್ಯೆಯ ಮರುದಿನ ಅವಳು ನರೋಣಾದಿಂದ ಬಸ್ಸು ಹತ್ತಿ ಆಳಂದಕ್ಕೆ ಬಂದಳು. ಡಬ್ಬಿಯಲ್ಲಿ ಹಬ್ಬದ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ. ಮಗಳು ಸುಮಂಗಲಾಳಿಗೆಂದು ತಂದದ್ದು. ದಸರೆ ಮುಗಿದ ಕೂಡಲೇ ಸುಮಿತ್ರಾಬಾಯಿಯ ರೊಟ್ಟಿ ಕೇಂದ್ರಕ್ಕೆ ಕೆಲಸಕ್ಕೆ ಸೇರಿದ ಹುಡುಗಿ ಆಮೇಲೆ ಮನೆಗೆ ಬಂದಿರಲಿಲ್ಲ. ಫೋನ್ ಹಚ್ಚಿದಾಗಲೆಲ್ಲ ಸುಮಿತ್ರಾಬಾಯಿಯೇ ಎತ್ತುತ್ತಿದ್ದಳು: "ಚೊಲೊ ಅದಾಳ. ಇಲ್ಲಿಂದನ ಕಾಲೇಜಿಗಿ ಹೋಗಾಕತ್ತಾಳ. ನೀ ಚಿಂತಿ ಮಾಡಬ್ಯಾಡ."

ಕೇಂದ್ರದಲ್ಲಿ ಐದು ಹೆಂಗಸರು ರೊಟ್ಟಿಗಳನ್ನು ಪ್ಯಾಕೆಟ್ಟಿಗೆ ತುಂಬುತ್ತಿದ್ದರು. ಮೂಲೆಯಲ್ಲಿ ರೊಟ್ಟಿ ಮಷೀನು. ಹಿಟ್ಟು ಒತ್ತುವ ತಟ್ಟೆಯ ಮೇಲೆ ವಿಭೂತಿಯ ಗೆರೆ, ನಡುವೆ ಕುಂಕುಮ. ಮಗಳಿಗೆ ಅನ್ನ ಕೊಟ್ಟ ಮಷೀನು! ರುಕ್ಮಿಣಿಬಾಯಿ ಅದಕ್ಕೂ ದೂರದಿಂದಲೇ ಕೈಮುಗಿದಳು.

ಮಗಳು ಮಾತ್ರ ಎಲ್ಲೂ ಕಾಣಲಿಲ್ಲ.

"ನಿನ್ನೆನೇ ಹಬ್ಬಕ್ಕ ಹೋದಳಲ್ಲ!" ಎಂದಳು ಸುಮಿತ್ರಾಬಾಯಿ. "ಸೂರ್ಯಕಾಂತನ ಟೆಂಪೋ ಹತ್ತಿದ್ಲು. ಮನಿಗಿ ಬಂದಿಲ್ಲೇನು?"

"ಇಲ್ರಿ ಅಕ್ಕಾರ..."

ರುಕ್ಮಿಣಿಬಾಯಿ ಗೋಡೆ ಹಿಡಿದು ಕುಳಿತಳು. ಸುಮಿತ್ರಾಬಾಯಿ ಕಣ್ಣೊರೆಸಿಕೊಂಡಳು. "ನನ್ನ ಮಗಳಿದ್ದಂಗ ಇದ್ಲು. ಈಗಿನ ಹುಡುಗ್ಯಾರು — ಯಾವನ ಸಂಗಾಟ ಎಲ್ಲಿಗಿ ಓಡಿ ಹೋದ್ಲೋ!"

ಆಗ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದಳು. ಪಲ್ಲವಿ. ಈ ರೊಟ್ಟಿಯನ್ನು ಪುಣೆಯ ಅಂಗಡಿಗಳಿಗೆ ಮಾರುವ ಕಂಪನಿಯವಳು. ಸರಕು ಯಾರ ಕೈಯಿಂದ ಬರುತ್ತದೆ, ಆ ಕೈಗಳು ಹೇಗಿವೆ ಎಂದು ನೋಡುವುದು ಅವಳ ಕೆಲಸ. ಹುಟ್ಟೂರು ಅಫಜಲಪುರ. ಅಂದು ಹೇಳದೆ ಬಂದಿದ್ದಳು.

"ಸೂರ್ಯಕಾಂತ ಯಾರು?"

"ನಮ್ಮ ಟೆಂಪೋ ಡ್ರೈವರ್. ಹೊರಗ ಅದಾನ ನೋಡ್ರಿ, ಬಾಡ್ಯಾ."

ಅವನು ಟೆಂಪೋಗೆ ಒರಗಿ ಬೀಡಿ ಸೇದುತ್ತಿದ್ದ.

"ಸುಮಂಗಲಾಳನ್ನ ಎಲ್ಲಿ ಇಳಿಸಿದಿ?"

"ನಾ ಹತ್ತಿಸ್ಕೊಂಡೇ ಇಲ್ರಿ! ನನ್ನ ಗಾಡ್ಯಾಗ ಬರೋದು ರೊಟ್ಟಿ ಅಷ್ಟ—" ಅವನು ನಾಲಿಗೆ ಕಚ್ಚಿಕೊಂಡ.

"ಬರೋದು? ಎಲ್ಲಿಂದ?"

ಅವನು ಸುಮಿತ್ರಾಬಾಯಿಯ ಮುಖ ನೋಡಿದ. "ಬರೋದಲ್ರಿ... ಹೋಗೋದು. ಪುಣೆ ಲಾರಿಗಿ."

ಪಲ್ಲವಿ ಟೆಂಪೋದೊಳಗೆ ಇಣುಕಿದಳು. ತೊಗರಿ ಕಟ್ಟಿಗೆಯ ಚೂರುಗಳು. ಕೇಂದ್ರದಲ್ಲಿದ್ದದ್ದು ಗ್ಯಾಸ್ ಒಲೆ. ಅವಳು ಆಚೆ ಹೋಗಿ ಪೊಲೀಸರಿಗೆ ಫೋನ್ ಮಾಡಿದಳು.

ಪಿಎಸ್‌ಐ ಬಂದವನೇ ಸೂರ್ಯಕಾಂತನ ಕಾಲರ್ ಹಿಡಿದ. "ಎಲ್ಲಿ ಇಟ್ಟೀ ಹುಡುಗೀನ? ಬೊಗಳು ಲೇ!"

"ಅವನ್ನ ಬಿಡ್ರಿ ಸರ್," ಎಂದಳು ಪಲ್ಲವಿ. "ಅಕ್ಕಾರ, ಒಂದು ಮಾತು. ಈ ಮಷೀನಿಗಿ ಪೂಜಿ ಯಾವಾಗ ಮಾಡೀರಿ?"

"ದಸರಾಕ್ಕ. ಮತ್ಯಾವಾಗ ಮಾಡ್ತಾರ?"

"ಆಮ್ಯಾಲ?"

"ವರ್ಷಕ್ಕೊಮ್ಮಿ ಬೇ. ನಿಮ್ಮ ಮನ್ಯಾಗ ವಾರಾ ವಾರಾ ಮಾಡ್ತೀರೇನು?"

ಪ್ಯಾಕೆಟ್ ತುಂಬುತ್ತಿದ್ದವರು ನಕ್ಕರು. ಪಲ್ಲವಿಯೂ ನಕ್ಕಳು.

"ಮಷೀನು ದಿನಾ ಓಡ್ತದೇನ್ರಿ?"

"ಹಗಲೆಲ್ಲ ಓಡ್ತದ. ಇವತ್ತ ಕರೆಂಟಿಲ್ಲ."

"ಹಂಗಾದ್ರ ಹಿಟ್ಟು ಒತ್ತೋ ತಟ್ಟಿ ಮ್ಯಾಲ ದಸರಾದ ಕುಂಕುಮ ಹ್ಯಾಂಗ ಉಳದದ?"

ನಗು ನಿಂತಿತು.

"ಒಂದ ಒಂದು ರೊಟ್ಟಿ ಒತ್ತಿದ್ರೂ ಅದು ಅಳಿಸಿ ಹೋಗ್ತಿತ್ತು. ಈ ಮಷೀನು ನಮ್ಮ ಕಂಪನಿಗಿ ಫೋಟೋ ಕಳಸಾಕ ಇಟ್ಟೀರಿ. ನಮ್ಮವರೂ ಫೋಟೋ ನೋಡಿ ಸುಮ್ಮನಾದ್ರು." ಪಲ್ಲವಿ ಒಂದು ರೊಟ್ಟಿ ಎತ್ತಿ ಪಿಎಸ್‌ಐಗೆ ಕೊಟ್ಟಳು. "ಅಂಚು ನೋಡ್ರಿ ಸರ್, ಬೆರಳಿನ ಗುರುತ. ಕೈಲೆ ತಟ್ಟಿದ್ದು. ಮೂಸಿ ನೋಡ್ರಿ, ಕಟ್ಟಿಗಿ ಹೊಗಿ. ಇದನ್ನ ತಟ್ಟಾವರು ಬ್ಯಾರೆ ಮಂದಿ. ಯಾರಿಗೂ ತೋರಸದ ಮಂದಿ. ಸುಮಂಗಲಾ ಓಡಿ ಹೋಗಿಲ್ಲ. ಅವರ ನಡುವನ ಅದಾಳ. ಇಟ್ಟಾವರು ನೀವು, ಅಕ್ಕಾರ."

"ಹಂಗನ್ನಬ್ಯಾಡ್ರಿ!" ಚೀರಿದವಳು ರುಕ್ಮಿಣಿಬಾಯಿ. "ಅಕ್ಕಾರು ನಮಗ ಅನ್ನ ಕೊಟ್ಟಾರ."

"ಎಲ್ಲಾರೂ ಇದನ್ನ ಅಂತಾರವ್ವ. ಅದಕ್ಕ ಯಾರೂ ಮಷೀನಿನ ತಟ್ಟಿ ಕಡೆ ನೋಡ್ಲಿಲ್ಲ. ಬರೇ ಕೈಮುಗದ್ರು."

ಸುಮಿತ್ರಾಬಾಯಿ ಸೂರ್ಯಕಾಂತನತ್ತ ನೋಡಿದಳು. ಅವನು ಈ ಸಲ ನೆಲ ನೋಡಿದ.

"ಖಜೂರಿ ದಾಟಿದ ಮ್ಯಾಲ ಕೋಳಿ ಶೆಡ್ಡ್ ಅದರಿ. ಕಟ್ಟಿಗಿ ಇಳಸ್ತೇನಿ, ರೊಟ್ಟಿ ತರ್ತೇನಿ. ಗಾಡಿ ಅಕ್ಕಾರ ಹೆಸರಿಗದ, ಬಾಯಿ ಬಿಟ್ರ ಕಸಗೋತೇನಿ ಅಂದಿದ್ರು. ಕೀಲಿ ಹೊರಗಿಂದ ಹಾಕಿರ್ತದರಿ."

ಕೀಲಿ ಹೊರಗಿನಿಂದಲೇ ಹಾಕಿತ್ತು. ಪೇದೆ ಕಲ್ಲಿನಿಂದ ಒಡೆದ. ಒಳಗೆ ಸಾಲು ಒಲೆ, ಕಣ್ಣು ಬಿಡಲಾಗದ ಹೊಗೆ, ಬೆಳಕಿಗೆ ಮುಖ ಮುಚ್ಚಿಕೊಂಡ ಹೆಂಗಸರು. ಅವರ ಫೋನು, ಆಧಾರ್ ಕಾರ್ಡು ಎಲ್ಲವೂ ಸುಮಿತ್ರಾಬಾಯಿಯ ಕಪಾಟಿನಲ್ಲಿ ಸಿಕ್ಕವು. ಹೊರಗೆ ಬಿಡಿ ಎಂದವರಿಗೆ ಊಟ ಕಡಿತ.

ಕೊನೆಯ ಒಲೆಯಿಂದ ಒಬ್ಬಳು ಎದ್ದಳು. ರುಕ್ಮಿಣಿಬಾಯಿ ಗುರುತು ಹಿಡಿಯಲು ಒಂದು ಕ್ಷಣ ತಡವಾಯಿತು.

"ಅಳಬ್ಯಾಡ ಬೇ ಯವ್ವಾ," ಎಂದಳು ಸುಮಂಗಲಾ. "ನೀ ಅತ್ರ ನಾನೂ ಅಳ್ತೇನಿ. ನಡಿ ಮೊದಲ."

ರುಕ್ಮಿಣಿಬಾಯಿ ಪೇದೆಗೆ ಕೈಮುಗಿದಳು. ಪಿಎಸ್‌ಐಗೆ, ಬೈಯುತ್ತಲೇ ಸೂರ್ಯಕಾಂತನಿಗೂ. ಪಲ್ಲವಿಯ ಕಾಲಿಗೆ ಬಗ್ಗಿದಳು.

"ಏಳ್ರಿ ಅವ್ವ! ಕಾಲಿಗಿ ಬಿದ್ರ ಸಿಟ್ಟಾಗ್ತೇನಿ ನೋಡ್ರಿ."

"ಸಿಟ್ಟಾಗ್ರಿ ತಾಯಿ. ಬೇಕಾದ್ರ ಹೊಡೀರಿ. ನನ್ನ ಕೂಸು ಕೊಟ್ಟೀರಿ. ನಾ ಏನು ಕೊಡಲಿ?"

"ಮುಂದ ಯಾರರ ಕೆಲಸ ಕೊಟ್ರ ಒಳಗ ಹೋಗಿ ನೋಡ್ರಿ. ಅಷ್ಟ ಕೊಡ್ರಿ."

ಕಂಪನಿ ರೊಟ್ಟಿಯೇ ಬೇಡವೆಂದು ಕೈತೊಳೆದುಕೊಳ್ಳಲು ಹೊರಟಿತು. ಪಲ್ಲವಿ ಬಿಡಲಿಲ್ಲ. ಈಗ ಆ ಹೆಂಗಸರೇ ಆಳಂದದಲ್ಲಿ ರೊಟ್ಟಿ ಮಾಡುತ್ತಾರೆ. ಕಂಪನಿ ನೇರ ಅವರಿಂದ ಕೊಳ್ಳುತ್ತದೆ. ಬಾಗಿಲು ತೆರೆದಿರುತ್ತದೆ. ರುಕ್ಮಿಣಿಬಾಯಿ ಹೋಗಿ ನೋಡಿ ಬರುತ್ತಾಳೆ, ಪಲ್ಲವಿಗೆ ಫೋನ್ ಮಾಡಿ ಹರಸುತ್ತಾಳೆ.

ಕಳೆದದ್ದು ಇಷ್ಟು: ಸುಮಂಗಲಾಳ ಒಂದು ಸೆಮಿಸ್ಟರ್, ಬಲಗೈಯ ಎರಡು ಉಗುರು. ಅದೇ ಶೆಡ್ಡಿನಲ್ಲಿದ್ದ ಜೇವರ್ಗಿಯ ಮೆಹರಾಜಬೇಗಂಗೆ, ಅವಳು ಒಳಗಿದ್ದಾಗಲೇ ತೀರಿಹೋದ ತಾಯಿಯ ಕೊನೆಯ ಮುಖ.