ಗುರುಸಿದ್ದಯ್ಯನವರ ಎರಡು ಹಲ್ಲು

ಬಾಯಿಗೆ ಕರ್ಚೀಫು ಒತ್ತಿಕೊಂಡು ಗುರುಸಿದ್ದಯ್ಯ ತುಮಕೂರಿನ ಸದಾಶಿವನಗರದ ಮನೆಗೆ ಬಂದಾಗ, ಸ್ಕೂಟರಿನಿಂದ ಬಿದ್ದರೆಂದೇ ಹೆಂಡತಿ ನಿಂಗಮ್ಮ ಹೌಹಾರಿದರು. ಬಿದ್ದಿರಲಿಲ್ಲ. ಗಟ್ಟಿಮುಟ್ಟಾಗಿದ್ದ ಎರಡು ಮುಂದಿನ ಹಲ್ಲುಗಳನ್ನು ತಾವಾಗಿಯೇ ಕೀಳಿಸಿಕೊಂಡು ಬಂದಿದ್ದರು. ಐವತ್ತರ ಗಂಡಸು ಮಾಡುವ ಕೆಲಸವೇ ಇದು? ಆದರೆ ಮಾಡಿದ್ದರು...

ತುಮಕೂರಿನಲ್ಲಿ ಜಾಝ್ ನುಡಿಸುತ್ತೇವೆಂದು ತೊಂಬತ್ತೊಂದರಲ್ಲಿ ಹೊರಟವರು ಮೂರೇ ಜನ. ಟ್ರಂಪೆಟ್ಟಿಗೆ ಗುರುಸಿದ್ದಯ್ಯ, ಸ್ಯಾಕ್ಸೊಫೋನಿಗೆ ಮನ್ಸೂರ್ ಅಲಿ, ಡ್ರಮ್ಸಿಗೆ ಗುಬ್ಬಿಯ ರವೀಶ್. ರಿಸೆಪ್ಷನ್ನುಗಳಲ್ಲಿ ಜನ ಸಿನಿಮಾ ಹಾಡು ಕೇಳುತ್ತಿದ್ದರು, ಇವರೂ ಅದನ್ನೇ ನುಡಿಸುತ್ತಿದ್ದರು. ಎಲ್ಲರೂ ಊಟಕ್ಕೆದ್ದು ಛತ್ರ ಖಾಲಿಯಾದ ಮೇಲೆ ಮಾತ್ರ ತಮ್ಮ ಜಾಝ್ ಹಿಡಿಯುತ್ತಿದ್ದರು. ಖಾಲಿ ಕುರ್ಚಿಗಳ ಮುಂದೆ ಹತ್ತು ವರ್ಷ! ಆ ಅರ್ಧ ಗಂಟೆಗಾಗಿಯೇ ಮೂವರೂ ಬದುಕಿದ್ದರೆಂದರೆ ಹೆಚ್ಚಲ್ಲ.

ಎರಡು ಸಾವಿರದ ಒಂದರಲ್ಲಿ ಮಗಳು ಮಂಜುಶ್ರೀಗೆ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಸಂಬಂಧ ಬಂತು. ಮನೆ ಚೆನ್ನಾಗಿತ್ತು, ಹುಡುಗನೂ ಸಂಭಾವಿತ. ಆದರೆ ಕಂಡವರ ಮದುವೆಯಲ್ಲಿ ಊದುವವರು ತಮಗೆ ಬೀಗರಾಗಕೂಡದೆಂದು ಹುಡುಗನ ತಾಯಿ ಸಿದ್ದಗಂಗಮ್ಮ ಪಟ್ಟು ಹಿಡಿದರು. ಊದುವುದು ಬಿಟ್ಟರೆ ಮಾತ್ರ ತಾಂಬೂಲ. ಗುರುಸಿದ್ದಯ್ಯ ಮಾತು ಕೊಟ್ಟರು. ಎರಡು ತಿಂಗಳು ಹಲ್ಲು ಕಚ್ಚಿಕೊಂಡಿದ್ದರು. ಆಮೇಲೆ ಗುಬ್ಬಿಯ ಒಂದು ರಿಸೆಪ್ಷನ್ನಿಗೆ, ಗೆಳೆಯರು ನುಡಿಸುವುದನ್ನು ಬರೀ ಕೇಳಿ ಬರುತ್ತೇನೆಂದು ಹೋದವರು, ಛತ್ರ ಖಾಲಿಯಾಗುತ್ತಲೇ ಅವರ ಬಳಿ ಉಳಿದಿದ್ದ ತಮ್ಮ ಟ್ರಂಪೆಟ್ ಎತ್ತಿಕೊಂಡರು. ನೋಡುವವರಿಲ್ಲ ಎಂದುಕೊಂಡಿದ್ದರು, ಪಾಪ. ಅಡುಗೆಯವರಲ್ಲಿ ಒಬ್ಬ ಕೊತ್ತಗೆರೆಯವನಿದ್ದ.

ಸಿದ್ದಗಂಗಮ್ಮ ಮನೆಗೇ ಬಂದರು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ನಿಮ್ ಮಾತು ಯಾರಿಗ್ ಬೇಕು? ಆ ಬಾಯಿ ಇರೋಗಂಟ ನೀವು ಊದೋದ್ ಬುಡಲ್ಲ," ಎಂದು ಹೇಳಿ ಎದ್ದು ಹೋದರು.

ನಾಲ್ಕು ದಿನ ಗುರುಸಿದ್ದಯ್ಯ ಆ ಮಾತನ್ನೇ ಮೆಲುಕು ಹಾಕಿದರು. ಮುಂದಿನ ಹಲ್ಲಿಲ್ಲದಿದ್ದರೆ ತುಟಿಗೆ ಆಸರೆಯಿಲ್ಲ, ಟ್ರಂಪೆಟ್ ಊದಲಾಗದು ಎಂಬುದು ಅವರಿಗೆ ಗೊತ್ತಿತ್ತು. ಐದನೆಯ ದಿನ, ಗಟ್ಟಿ ಹಲ್ಲು ಕೀಳುವುದಿಲ್ಲವೆಂದು ಹಲ್ಲಿನ ಡಾಕ್ಟರು ಬೈದು ಕಳಿಸಿದಾಗ, ರಸ್ತೆ ಬದಿಯ ಹಲ್ಲು ಕೀಳುವವನ ಮುಂದೆ ಹೋಗಿ ಕೂತರು.

ಹಲ್ಲು ಕೀಳಿಸಿಕೊಂಡ ಕಥೆಯನ್ನು ತೊದಲುತ್ತಾ ಹೆಂಡತಿಗೆ ಹೇಳುತ್ತಿದ್ದಾಗ ಮಂಜುಶ್ರೀ ಕೋಣೆಯಿಂದ ಹೊರಗೆ ಬಂದಳು. ಅಪ್ಪನ ಮುಖವನ್ನೂ ರಕ್ತದ ಕರ್ಚೀಫನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಅಪ್ಪಾ... ನಂಗೆ ಈ ಸಂಬಂಧ ಬೇಡ ಅಂತ ಇವತ್ತು ಹೇಳೋಣ ಅಂತಿದ್ದೆ. ನಿನ್ನ ಹಂಗಂದೋರ್ ಮನೆಗೆ ನಾನ್ ಹೋಗಲ್ಲ ಅಂತ ಆವತ್ತೇ ತೀರ್ಮಾನ ಮಾಡಿದ್ದೆ. ಹೇಳಕ್ಕೆ ಭಯ ಆಯ್ತು ಅಪ್ಪಾ..."

ಗುರುಸಿದ್ದಯ್ಯ ಬಾಯಿಂದ ಕರ್ಚೀಫು ತೆಗೆದರು.

"ನಿನ್ನೆ ಹೇಳ್ಬಾರ್ದಾಗಿತ್ತೇನವ್ವ," ಎಂದರು.

ನಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಈಗಲೂ ಬೇಡವೆನ್ನಬಹುದು, ಯಾರೂ ಬಲವಂತ ಮಾಡುವುದಿಲ್ಲ ಎಂದು ಗುರುಸಿದ್ದಯ್ಯ ಸಮಾಧಾನ ಮಾಡಿದರು. ಮಂಜುಶ್ರೀ ಆಗದೆಂದು ತಲೆಯಾಡಿಸಿದಳು.

"ಈಗ ಹೆಂಗಪ್ಪಾ ಬೇಡ ಅನ್ಲಿ?"

ಹಲ್ಲಿಲ್ಲದ ಬಾಯಿ ನೋಡಿದ ಮೇಲೆ ಸಿದ್ದಗಂಗಮ್ಮ ಒಪ್ಪಿದರು. ಮಾಘದಲ್ಲಿ ಕುಣಿಗಲ್ಲಿನಲ್ಲಿ ಮದುವೆಯಾಯಿತು. ಮನ್ಸೂರ್ ಅಲಿ ಮತ್ತು ರವೀಶ್ ವಾದ್ಯಗಳಿಲ್ಲದೆ ಬರಿಗೈಯಲ್ಲಿ ಬಂದು, ಅಕ್ಷತೆ ಹಾಕಿ, ಊಟ ಮಾಡಿಕೊಂಡು ಹೋದರು.