ಅಂಟಿಕೊಂಡ ಹಾಳೆಗಳು

“ಕತ್ತರಿಸಿಬಿಡ್ತೀನಿ! ನಿಮ್ಮ ಪುಟ ನಿಮಗೆ, ನನ್ನ ಪುಟ ನನಗೆ!”

ಅವಳ ಕೈಯಲ್ಲಿ ಚಾಕು. ಮೇಜಿನ ಮೇಲೆ ಅವರಿಬ್ಬರ ಪುಸ್ತಕ. ಅಚ್ಚಿನವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಾಚೆಯೇ ನಿಂತಿದ್ದ.

ಹಳೆ ಬಟ್ಟೆ ಅರೆದು ಕಾಗದ ಮಾಡುವುದು ಅವಳ ಕಸುಬು. ರಬ್ಬರ್ ಕೆತ್ತಿ, ಶಾಯಿ ಬಳಿದು, ಚಮಚದ ಬೆನ್ನಿನಿಂದ ಉಜ್ಜಿ ಕಾಗದದ ಮೇಲೆ ಚಿತ್ರ ಮೂಡಿಸುವುದು ಅವನದು. ವರ್ಷದಿಂದ ಈ ಪುಸ್ತಕ ಒಂದು ವಾರ ಅವಳ ಬಳಿ, ಒಂದು ವಾರ ಅವನ ಬಳಿ. ಅವಳು ಬರೆದರೆ, ಮುಂದಿನ ಪುಟದಲ್ಲಿ ಅವನು ಅಚ್ಚು ಹಾಕಬೇಕು.

ಕಳೆದ ಸಲ ಧೈರ್ಯ ಮಾಡಿ ಬರೆದಿದ್ದಳು: ‘ನೀವು ಬರದ ದಿನ ನನಗೆ ಕೆಲಸವೇ ಸಾಗುವುದಿಲ್ಲ.’ ಪುಸ್ತಕ ವಾಪಸ್ ಬಂತು... ಮುಂದಿನ ಪುಟ ಖಾಲಿ! ಅವನೂ ಮೂರು ವಾರ ಪತ್ತೆಯಿಲ್ಲ; ಇವತ್ತು ಬಂದು ನಿಂತಿದ್ದಾನೆ.

‘ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳಬಾರದಿತ್ತೇ...’ ಇವನೆದುರು ಅಳಲಾರೆ ಎಂದು ಹಟ ಹಿಡಿದು ಹಾಳೆ ಎಣಿಸತೊಡಗಿದಳು. ಪಾಲು ಸಮ ಇರಬೇಕಲ್ಲ!

“ಐದು, ಆರು, ಏಳು... ಈ ಕಟ್ಟಲ್ಲಿ ಎಂಟು ಹಾಳೆ ಹಾಕಿ ಹೊಲಿದಿದ್ದೆ. ಒಂದು ಹರಿದುಕೊಂಡ್ರಾ?”

“ನಾನ್ಯಾಕೆ ಹರೀಲಿ? ಓದಿಯೂ ಸುಮ್ಮನಿದ್ರಲ್ಲ, ಅದೇ ಸಾಕು. ಕತ್ತರಿಸಿ.”

“ನಾನು ಓದಿದ್ನಾ? ಏನನ್ನ?”

ದಾರದ ಮೇಲಿದ್ದ ಚಾಕು ನಿಂತಿತು. ತಾನೇ ಮಾಡಿದ ಕಾಗದದ ದಪ್ಪ ಅವಳ ಬೆರಳಿಗೆ ಗೊತ್ತಿಲ್ಲವೇ? ಇದು ಒಂದು ಹಾಳೆಯಲ್ಲ, ಎರಡು!

“ಶಾಯಿ ಒಣಗೋಕೆ ಮುಂಚೆನೇ ಪುಸ್ತಕ ಮುಚ್ಚಿದ್ರಾ?”

“ಪುಸ್ತಕ ಒಯ್ಯೋಕೆ ನಿಮ್ಮ ಅಕ್ಕ ಬಂದುಬಿಟ್ರು. ಅವರು ನೋಡಿದ್ರೆ ಅಂತ... ಗಾಬರಿ ಆಯ್ತು.”

ಕೆತ್ತನೆಯಲ್ಲಿ ಎಷ್ಟು ಜಾಣನೋ, ಉಳಿದದ್ದರಲ್ಲಿ ಅಷ್ಟೇ ಪೆದ್ದ!

ಅವಳು ಚಾಕುವಿನ ಅಲಗನ್ನು ಹಾಳೆಗಳ ನಡುವೆ ತೂರಿಸಿದಳು. ಕೈ ಸ್ವಲ್ಪ ತಪ್ಪಿದರೂ ಅಲ್ಲಿರುವುದೆಲ್ಲ ಹರಿದುಹೋಗುತ್ತದೆ. ಕೂದಲೆಳೆಯಷ್ಟು... ಇನ್ನೊಂದಿಷ್ಟು... ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಹಾಳೆ ಬಿಚ್ಚಿಕೊಂಡಿತು.

ಅಚ್ಚಿನಲ್ಲಿ ಅವಳದೇ ಬಾಗಿಲು. ಹೊರಗೆ ಅವಳ ಚಪ್ಪಲಿ, ಪಕ್ಕದಲ್ಲಿ ದೊಡ್ಡದೊಂದು ಜೊತೆ. ಕೆಳಗೆ ಪೆನ್ಸಿಲ್ಲಿನಲ್ಲಿ: ‘ಇವು ದಿನಾ ಇಲ್ಲೇ ಇರಬಹುದಾ?’

ಈಗ ಕಣ್ಣೀರು ಅವಳ ಮಾತು ಕೇಳಲಿಲ್ಲ.

“ಮೂರು ವಾರ ಕಾದೆ,” ಅವನು ಹೊಸ್ತಿಲಾಚೆಯಿಂದಲೇ ಹೇಳಿದ. “ನಿಮಗೆ ಬೇಡವೇನೋ ಅಂದುಕೊಂಡೆ.”

ಅವಳು ಚಾಕುವನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು.

“ಇನ್ನೂ ಹೊರಗೇ ನಿಂತಿದ್ದೀರಲ್ಲ!”

“ಮತ್ತೆ... ಏನು ಮಾಡಲಿ?”

“ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಚಿತ್ರದಲ್ಲಿರೋ ಜಾಗದಲ್ಲೇ ಬಿಡಿ.”